ಲೈಟ್ ಹಿಡಿದ ಕೈ

ವೀಡಿಯೋ ಅಂಕಲ್ ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಕ್ಯಾಮೆರಾ ಹೊತ್ತು ಹಾಗಾಗಿತ್ತು. ಹೊಸ ಟೈಲರ್ ಯಾರಾದರೂ ಅಳತೆ ತೆಗೆಯುತ್ತಾ ‘ನೆಟ್ಟಗೆ ನಿಂತ್ಕೊಳಿ ಸಾರ್’ ಅಂದರೆ ‘ನಾನು ನೆಟ್ಟಗಿರೋದೇ ಇಷ್ಟಪ್ಪ’ ಅನ್ನುತ್ತಿದ್ದರಂತೆ. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಒತ್ತಿ ಎಡಗಣ್ಣು ಅರ್ಧ ಮುಚ್ಚಿಕೊಂಡೇ ಉಳಿದುಬಿಟ್ಟಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ, ‘ನಿಮ್ಮ ಬೀದಿಯಲ್ಲಿ ಒಬ್ಬರು ವಯಸ್ಸಾದವರು ನನಗೆ ಕಣ್ಣು ಹೊಡೀತಾರೆ’ ಎಂದು ಮುಖ ಸಿಂಡರಿಸಿಕೊಂಡು ಬಂದಿದ್ದಳು. ಅವರು ನಮ್ಮ ಮದುವೆಯ ವೀಡಿಯೋ ತೆಗೆದವರೇ ಎಂದು ಹೇಳಿ ಸಮಾಧಾನ ಮಾಡಬೇಕಾಯಿತು.

ಕತ್ರಿಗುಪ್ಪೆಯಲ್ಲಿ ಅವರ ಅಂಗಡಿ, ಮೇಲೆ ಮನೆ. ನಮ್ಮದು ಎರಡು ಕ್ರಾಸ್ ಆಚೆ. ಸುತ್ತಮುತ್ತಲಿನ ಅರ್ಧ ಸಂಸಾರಗಳು ಶುರುವಾದದ್ದು ಅವರ ಕ್ಯಾಮೆರಾದ ಮುಂದೆಯೇ. ಅವರಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಮದುವೆ ನೆನಪಿರುತ್ತಿತ್ತು. ತರಕಾರಿ ಗಾಡಿಯ ಹತ್ತಿರ ಯಾರೋ ರಿಟೈರ್ಡ್ ಮೇಷ್ಟ್ರು ಸಿಕ್ಕರೆ, ‘ನಿಮ್ಮ ಷಡ್ಡಕರು ಹೇಗಿದಾರೆ ಸಾರ್? ಬೀಗರ ಪಂಕ್ತಿಯಲ್ಲಿ ಮೂರು ಸಲ ಫೇಣಿ ಹಾಕಿಸ್ಕೊಂಡ್ರಲ್ಲ’ ಎಂದು ಕೇಳುತ್ತಿದ್ದರು. ಮೇಷ್ಟ್ರು ಬದನೆಕಾಯಿ ಆರಿಸುವುದನ್ನು ಬಿಟ್ಟು, ‘ಹೋಗಿಬಿಟ್ರು, ಎಂಟು ವರ್ಷ ಆಯ್ತು’ ಅನ್ನುತ್ತಿದ್ದರು. ಅಂಕಲ್ ತಲೆಯಾಡಿಸುತ್ತಿದ್ದರು, ಯಾವುದೋ ಲೆಕ್ಕದಿಂದ ಒಬ್ಬರನ್ನು ಹೊಡೆದು ಹಾಕಿದ ಹಾಗೆ.

ಅವರ ಹೆಂಡತಿಯನ್ನು ನಾವು ಲೈಟ್ ಆಂಟಿ ಎನ್ನುತ್ತಿದ್ದೆವು. ಆಗ ವೀಡಿಯೋ ತೆಗೆಯುವವರ ಪಕ್ಕದಲ್ಲಿ ಒಬ್ಬರು ಉರಿಯುವ ಹ್ಯಾಲೋಜನ್ ಲೈಟು ಎತ್ತಿ ಹಿಡಿದು ನಿಲ್ಲಬೇಕಿತ್ತು. ಆಳು ಸಿಗದ ಒಂದು ದಿನ ಆಂಟಿ ಹಿಡಿದರು. ಆಮೇಲೆ ಇಪ್ಪತ್ತು ವರ್ಷ ಕೆಳಗಿಳಿಸಲಿಲ್ಲ. ಆಕೆ ಎಡಚಿ. ಬರೆಯುವುದು, ಹೆಚ್ಚುವುದು, ಲೈಟ್ ಹಿಡಿಯುವುದು ಎಲ್ಲ ಎಡಗೈಯಲ್ಲೇ.

ನಮ್ಮಕ್ಕನ ಮದುವೆಯಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಧಾರೆಯ ಹೊತ್ತಿಗೆ ಆಂಟಿ ಮಂಟಪದ ಪಕ್ಕ ಎಡಗೈ ಎತ್ತಿ ನಿಂತದ್ದು ನನ್ನ ಸೋದರತ್ತೆಗೆ ಸರಿಬರಲಿಲ್ಲ.

‘ಶುಭಕಾರ್ಯ ಕಣಮ್ಮ, ಬಲಗೈಲಿ ಹಿಡ್ಕೋ.’

‘ಬಲಗೈಲಿ ಹಿಡಿದ್ರೆ ಕೈ ನಡುಗತ್ತಮ್ಮ. ವೀಡಿಯೋಲಿ ಮದುಮಗಳು ಥರಥರ ಅಂತ ಬರ್ತಾಳೆ. ನೋಡಿದೋರು ಹುಡುಗಿಗೆ ಇಷ್ಟ ಇರ್ಲಿಲ್ಲ ಅನ್ಕೋತಾರೆ. ಪರವಾಗಿಲ್ವಾ?’

ಅತ್ತೆ ಬಾಯಿ ಮುಚ್ಚಿಕೊಂಡು ಹೋದರು. ನಮ್ಮ ಅತ್ತೆಯ ಬಾಯಿ ಮುಚ್ಚಿಸಿದವರನ್ನು ನಾನು ನೋಡಿದ್ದು ಅದೊಂದೇ ಸಲ. ಆದರೆ ಆಂಟಿಯ ಮುಖ ಮಾತ್ರ ಅವತ್ತು ಕಾಣಲಿಲ್ಲ. ಲೈಟಿನ ಮುಂದೆ ನಿಂತವರಿಗೆ ಲೈಟಿನ ಹಿಂದೆ ಇರುವವರು ಕಾಣುವುದಿಲ್ಲ.

ಕಾಲ ಬದಲಾಯಿತು. ಡ್ರೋನು ಹಾರಿಸುವವರು ಬಂದರು, ಅಂಕಲ್ ಅಂಗಡಿಯನ್ನು ಮೊಬೈಲ್ ಕವರ್ ಮಾರುವವರಿಗೆ ಬಾಡಿಗೆಗೆ ಕೊಟ್ಟರು. ನಾಲ್ಕು ವರ್ಷದ ಹಿಂದೆ ಆಂಟಿ ಐದು ದಿನದ ಜ್ವರದಲ್ಲಿ ತೀರಿಕೊಂಡರು. ಒಬ್ಬಳೇ ಮಗಳು ತಲಘಟ್ಟಪುರದಲ್ಲಿದ್ದಳು. ಕರೆದರೂ ಅಂಕಲ್ ಹೋಗಲಿಲ್ಲ. ಅಟ್ಟದ ತುಂಬ ಇರುವ ಕ್ಯಾಸೆಟ್ಟುಗಳ ನೆಪ ಹೇಳಿದರು.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ವಿಮಾ ಕಚೇರಿಯೊಂದರಲ್ಲಿ ಜನ ಕಳಿಸಿದ ಕಾಗದಗಳಲ್ಲಿ ತಪ್ಪು ಹುಡುಕುವ ಕೆಲಸದಲ್ಲಿದ್ದೇನೆ. ಇಪ್ಪತ್ತೆರಡು ವರ್ಷವಾಯಿತು. ನನ್ನ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ ಎಂಬ ಜಂಬ ನನಗಿತ್ತು. ಹೋದ ವರ್ಷ ಕ್ರಿಕೆಟ್ ನೋಡಲೆಂದು ಆನ್‌ಲೈನಿನಲ್ಲಿ ಒಂದು ಅಗ್ಗದ ಪ್ರೊಜೆಕ್ಟರ್ ತರಿಸಿದೆ. ಚಪಾತಿ ಡಬ್ಬದಷ್ಟು ಗಾತ್ರ. ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಬರೆದ ಲುಮೆನ್ಸು, ಅಂದರೆ ಬೆಳಕಿನ ಲೆಕ್ಕ, ನಿಜವಾಗಿದ್ದರೆ ಇಡೀ ಬನಶಂಕರಿಗೆ ಬೀದಿದೀಪ ಬೇಕಿರಲಿಲ್ಲ. ಹಗಲಲ್ಲಿ ಕಿಟಕಿಗೆ ಜಮಖಾನ ಹೊಚ್ಚದಿದ್ದರೆ ಬ್ಯಾಟ್ಸ್‌ಮನ್ ಯಾರು, ಅಂಪೈರ್ ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಅದರ ಫ್ಯಾನಿನ ಸದ್ದು ಮಿಕ್ಸಿಯನ್ನು ನೆನಪಿಸುತ್ತಿತ್ತು. ಆದರೂ ಬಂದವರಿಗೆಲ್ಲ, ‘ಗೋಡೆ ತುಂಬಾ ಬರುತ್ತೆ’ ಎಂದು ತೋರಿಸುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅಂಕಲ್ ಬಂದು ಮ್ಯಾಚು ನೋಡುತ್ತಾ ಕೂತರು. ಮುಖವನ್ನು ಗೋಡೆಗೆ ಓರೆಯಾಗಿ ಹಿಡಿದಿದ್ದರು, ಕೋಳಿ ನೋಡುವ ಹಾಗೆ. ಸ್ವಲ್ಪ ಹೊತ್ತಾದ ಮೇಲೆ, ‘ಬೌಂಡರಿ ಹತ್ರ ಹಳದಿ ಸೀರೆ ಉಟ್ಕೊಂಡು ಒಬ್ರು ನಿಂತಿದಾರಲ್ಲ?’ ಎಂದರು. ನಿಜವಾಗಿಯೂ ನಿಂತಿದ್ದರು. ಸ್ಕೋರ್ ಎಷ್ಟು ಎಂದು ಕೇಳಿದೆ. ‘ಅದು ಕಾಣಲ್ಲ ಕಣಪ್ಪ’ ಎಂದರು.

ಕಣ್ಣಿನ ಪರದೆಯ ನಡುಭಾಗ ಸವೆದು ಹೋಗುವ ಕಾಯಿಲೆ. ನೇರ ನೋಡಿದ ಕಡೆ ಒಂದು ಮಸಿ ಚುಕ್ಕೆ, ಸುತ್ತ ಮಾತ್ರ ಅಷ್ಟಿಷ್ಟು ಕಾಣುತ್ತದೆ. ಚುಕ್ಕೆ ದಿನಾ ದೊಡ್ಡದಾಗುತ್ತಿತ್ತು. ಜೆ.ಪಿ. ನಗರದ ಕಣ್ಣಿನ ಡಾಕ್ಟರು ಇಂಜೆಕ್ಷನ್ ಹಾಕಿ ಹಾಕಿ ಕೊನೆಗೆ ಕೈಚೆಲ್ಲಿದ್ದರು.

‘ಒಂದು ವರ್ಷ ಅಂದಿದಾರೆ. ಆಮೇಲೆ ಬೆಳಕು ಕತ್ಲೆ ಅಷ್ಟೇ ಗೊತ್ತಾಗೋದು. ಟೀವಿಯಲ್ಲಿ ಏನೂ ಕಾಣಲ್ಲ. ಇದ್ರಲ್ಲಿ ದೊಡ್ಡದಾಗಿ ಬರುತ್ತಲ್ಲ, ಕಾಣುತ್ತೆ. ನಂಗೂ ಒಂದು ಕೊಡ್ಸು.’

‘ಏನು ನೋಡ್ತೀರ ಅಂಕಲ್?’

‘ಅವಳನ್ನ.’

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಮನೆಯಲ್ಲಿ ಆಂಟಿಯ ಫೋಟೋಗಳು ಮೂರೋ ನಾಲ್ಕೋ ಇವೆ. ಆದರೆ ಓಡಾಡುವ, ತಿರುಗುವ, ನಗುವ ಆಂಟಿ ಎಲ್ಲೂ ಇಲ್ಲ. ಸಾವಿರಾರು ಹೆಂಗಸರನ್ನು ತೆಗೆದ ಮನುಷ್ಯ ಒಂದು ಸಲವೂ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಲಿಲ್ಲ. ‘ಫೋಟೋದಲ್ಲಿ ಎಲ್ರೂ ಸತ್ತೋರ ಹಾಗೇ ಇರ್ತಾರೆ. ದೀಪದ ಬುಡದಲ್ಲೇ ಕತ್ಲೆ ಅಂತಾರಲ್ಲ, ಅದು ನಮ್ಮನೇಲೇ ಆಯ್ತು ನೋಡು’ ಎಂದರು. ಅಷ್ಟು ಕ್ಯಾಸೆಟ್ಟುಗಳಲ್ಲಿ ಎಲ್ಲೋ ಒಂದು ಕಡೆ, ಕ್ಯಾಮೆರಾ ಆಕಡೆ ಈಕಡೆ ತಿರುಗುವಾಗ, ಅಂಚಿನಲ್ಲಿ ಆಕೆ ಸಿಕ್ಕಿರಲೇಬೇಕು. ಕಣ್ಣು ಹೋಗುವುದರೊಳಗೆ ಒಂದು ಸಲ ನೋಡಬೇಕು. ಇಷ್ಟೇ ಅವರಿಗೆ ಬೇಕಾಗಿದ್ದುದು.

ನನ್ನದು ಕಳಪೆ ಮಾಲು, ಸ್ವಲ್ಪ ಒಳ್ಳೆಯದನ್ನೇ ತೆಗೆದುಕೊಳ್ಳೋಣ ಎಂದೆ. ಒಪ್ಪಲಿಲ್ಲ. ‘ಕಣ್ಣು ಬಾಳೋಷ್ಟು ದಿನ ಅದು ಬಾಳಿದ್ರೆ ಸಾಕು ಬಿಡು’ ಎಂದರು. ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯೊಂದರಲ್ಲಿ ನನ್ನದರ ಅಣ್ಣನೋ ತಮ್ಮನೋ ಅನ್ನುವಂಥದ್ದೇ ಸಿಕ್ಕಿತು. ಅಂಗಡಿಯವನು ‘ಸಖತ್ ಪೀಸ್ ಸಾರ್, ಥಿಯೇಟರೇ ಮನೇಗೆ ಬಂದಂಗೆ’ ಎಂದ. ಅಂಕಲ್, ‘ಥಿಯೇಟರ್ ಬೇಡಪ್ಪ, ಛತ್ರ ಬಂದ್ರೆ ಸಾಕು’ ಎಂದರು. ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ.

ಹಳೆಯ ಕ್ಯಾಸೆಟ್ಟುಗಳಲ್ಲಿ ಬಹಳಷ್ಟಕ್ಕೆ ಬೂಷ್ಟು ಹಿಡಿದಿತ್ತು. ಉಳಿದದ್ದರಲ್ಲಿ ನಲವತ್ತೋ ಏನೋ ಮದುವೆಗಳನ್ನು ಪೆನ್‌ಡ್ರೈವಿಗೆ ಹಾಕಿಸಿದೆವು. ಯುಗಾದಿಯ ಆಸುಪಾಸಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಕಿಟಕಿಗೆ ಜಮಖಾನ, ಸ್ಟೂಲಿನ ಮೇಲೆ ಪ್ರೊಜೆಕ್ಟರ್, ಎದುರಿಗೆ ಸುಣ್ಣ ಬಳಿದ ಗೋಡೆ.

ಅಗ್ಗದ ಪ್ರೊಜೆಕ್ಟರಿಗೆ ಒಂದು ರೋಗವಿದೆ. ಚಿತ್ರದ ನಡುವೆ ಫೋಕಸ್ ಕೂತರೆ ಅಂಚು ಮಸುಕಾಗುತ್ತದೆ, ಅಂಚು ಸರಿಮಾಡಿದರೆ ನಡು ಮಸುಕು. ಯಾವುದನ್ನು ಬಿಡಲಿ ಎಂದು ಕೇಳಿದೆ.

‘ಅಂಚಿಗೆ ಮಾಡು. ನಡುವಿಂದು ನಂಗೆ ಹೇಗೂ ಕಾಣಲ್ಲ. ನಂಗೆ ಬೇಕಾಗಿರೋದೂ ಅಲ್ಲಿಲ್ಲ.’

ಹೀಗೆ ನಾವು ಮದುವೆಗಳನ್ನು ನೋಡಿದೆವು. ವಧೂವರರು ಕಲಸಿದ ರಂಗೋಲಿಯ ಹಾಗೆ ನಡುವೆ ಅಲುಗಾಡುತ್ತಿದ್ದರು. ಅಂಚಿನಲ್ಲಿ ವೀಳ್ಯದೆಲೆ ಹರಡಿದ ತಟ್ಟೆ, ಕುರ್ಚಿಯಲ್ಲಿ ತೂಕಡಿಸುವ ಅಜ್ಜ, ಬ್ಯಾಗು ಕಾಯುತ್ತಾ ಕೂತ ಚಿಕ್ಕಮ್ಮ ಸ್ಪಷ್ಟವಾಗಿ ಕಾಣುತ್ತಿದ್ದರು. ಅಂಕಲ್ ಮುಖ ಓರೆ ಮಾಡಿಕೊಂಡು ಒಬ್ಬೊಬ್ಬರನ್ನೇ ಗುರುತಿಸುತ್ತಿದ್ದರು. ‘ಇವ್ರು ಹೋದ್ರು. ಆ ಕೋಟು ಹಾಕಿರೋರೂ ಹೋದ್ರು. ಆರತಿ ಹಿಡ್ಕೊಂಡಿರೋ ಹುಡುಗಿ, ಪಾಪ, ಕೋವಿಡ್ಡಲ್ಲಿ.’ ನನಗೆ ಕೆಲವೊಮ್ಮೆ ಎದ್ದು ಹೋಗಿಬಿಡೋಣ ಎನಿಸುತ್ತಿತ್ತು. ನಾನು ಸರಕ್ಕನೆ ನಿಲ್ಲಿಸಿ ಮುಂದಿನದಕ್ಕೆ ಹೋಗಲು ನೋಡಿದರೆ ಕೈ ಹಿಡಿಯುತ್ತಿದ್ದರು.

‘ಓಡ್ಲಿ ಬಿಡೋ. ಮನುಷ್ಯ ಫ್ರೇಮಿಂದ ಆಚೆ ಹೋಗೋವರೆಗೂ ನಿಲ್ಲಿಸ್ಬಾರ್ದು.’

ಸೆಪ್ಟೆಂಬರ್ ಬರುವ ಹೊತ್ತಿಗೆ ಮೂವತ್ತು ಮದುವೆ ಮುಗಿದಿತ್ತು. ಆಂಟಿ ಸಿಕ್ಕಿದ್ದು ಚೂರುಚೂರಾಗಿ. ಒಂದು ಮದುವೆಯಲ್ಲಿ ಮೊಣಕೈ, ಇನ್ನೊಂದರಲ್ಲಿ ಸೆರಗಿನ ತುದಿ. ಒಂದು ದಿನ ನಾನು ಬೇಸರದಿಂದ, ಇಷ್ಟು ಹತ್ತಿರ ನಿಂತವರು ಸರಿಯಾಗಿ ಒಂದು ಸಲವೂ ಬೀಳಲಿಲ್ಲವಲ್ಲ ಎಂದುಬಿಟ್ಟೆ. ಅಂಕಲ್ ಮುಖವನ್ನು ಗೋಡೆಯಿಂದ ತಿರುಗಿಸಿದರು. ಆಮೇಲೆ ಹೇಳಿದರು:

‘ಬೀಳ್ತಿದ್ಳು. ಎಡಿಟಿಂಗಲ್ಲಿ ನಾನೇ ತೆಗೀತಿದ್ದೆ. ಲೈಟಿನವಳು ಯಾಕೆ ಬಂದ್ಳು ಅಂತ ಪಾರ್ಟಿ ಬೈತಾರಲ್ಲ. “ಜರುಗಿ, ಜರುಗಿ” ಅಂತ ಕೂಗ್ತಿದ್ಳು. ಅದನ್ನೂ ಅಳಿಸಿ ಹಾಡು ಹಾಕ್ತಿದ್ದೆ. ನನ್ನ ಕೈಯಾರೆ ಕತ್ತರಿಸಿದೀನಿ ಕಣಪ್ಪ. ಇಪ್ಪತ್ತು ವರ್ಷ.’

ಅವತ್ತು ಅವರು ಅತ್ತರು. ಕಾಣದ ಕಣ್ಣೂ ಅಳುತ್ತದೆ ಎಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಆದರೆ ಎಡಿಟ್ ಮಾಡದ ಕ್ಯಾಸೆಟ್ಟು ಒಂದಿತ್ತು. ಆ ಮದುವೆ ಮೂರೇ ತಿಂಗಳಲ್ಲಿ ಮುರಿದುಬಿದ್ದು, ವೀಡಿಯೋ ಬೇಕೆಂದು ಎರಡೂ ಕಡೆಯವರು ಬರಲೇ ಇಲ್ಲ. ತೆಗೆದದ್ದು ತೆಗೆದ ಹಾಗೆಯೇ ಇತ್ತು. ಬೂಷ್ಟು ಮಾತ್ರ ಮಿತಿಮೀರಿ ಹಿಡಿದಿತ್ತು. ಶುಚಿಮಾಡುವವನು ಎರಡು ತಿಂಗಳು ಇಟ್ಟುಕೊಂಡು, ಶಬ್ದ ಪೂರ್ತಿ ಹೋಗಿದೆ, ಚಿತ್ರ ಉಳಿದಿದೆ ಎಂದು ಬೇರೆ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ. ಅಂಕಲ್ ಅದನ್ನು ದೇವರ ಮುಂದೆ ಇಟ್ಟುಕೊಂಡು ಭಾನುವಾರಕ್ಕೆ ಕಾದರು.

ಅದರ ಹಿಂದಿನ ದಿನ ಅವರು ಸ್ಟೂಲಿಗೆ ಎಡವಿ ಬಿದ್ದರು. ಮೊಣಕಾಲು ತರಚಿತು, ಪ್ರೊಜೆಕ್ಟರೂ ನೆಲಕ್ಕೆ ಬಿತ್ತು. ನಡುಮನೆಯಲ್ಲಿ ಸ್ಟೂಲು ಇರುವುದೇ ಬೇಡವೆಂದು ನಾನು ಭಾನುವಾರ ಡ್ರಿಲ್ಲು ತಂದು, ಸಜ್ಜದ ಕೆಳಗೆ ಕ್ಲಾಂಪು ಹಾಕಿ ಪ್ರೊಜೆಕ್ಟರನ್ನು ತಲೆಕೆಳಗಾಗಿ ನೇತುಹಾಕಿದೆ. ಮನೆಯಲ್ಲಿ ನೆಂಟರು ಕಾಯುತ್ತಿದ್ದರು, ನನಗೆ ಅವಸರ. ಬಿದ್ದ ಏಟಿಗೆ ಪ್ರೊಜೆಕ್ಟರ್ ಹಳೆಯದನ್ನೆಲ್ಲ ಮರೆತು ಚೀನೀ ಭಾಷೆಗೆ ಹೋಗಿತ್ತು. ಹೇಗೋ ಅಂದಾಜಿನಲ್ಲಿ ಒತ್ತಿ ಒತ್ತಿ ಮದುವೆ ಶುರುಮಾಡಿದೆ. ಎಲ್ಲರೂ ತಲೆಕೆಳಗಾಗಿ ಓಡಾಡುತ್ತಿದ್ದರು. ಚಿತ್ರ ತಿರುಗಿಸುವ ಗುಂಡಿ ಹುಡುಕಿ ಒಂದು ಸಲ ಒತ್ತಿದೆ. ಆಗಲೂ ತಲೆಕೆಳಗೇ ಇತ್ತು. ಇನ್ನೊಂದು ಸಲ ಒತ್ತಿದೆ, ನೆಟ್ಟಗಾಯಿತು. ಮೂಲೆಯಲ್ಲಿದ್ದ ಚೀನೀ ಅಕ್ಷರಗಳು ಎರಡು ಕ್ಷಣ ಮಿನುಗಿ ಹೋದವು.

‘ಬಂತಾ?’

‘ಬಂತು ಅಂಕಲ್. ನೋಡ್ಕೊಳಿ.’

ಶಬ್ದವಿಲ್ಲದ ಮದುವೆ. ಓಲಗದವನ ಕೆನ್ನೆ ಉಬ್ಬುತ್ತಿತ್ತು, ಸದ್ದಿರಲಿಲ್ಲ. ಪುರೋಹಿತರು ಅಂಚಿನಲ್ಲಿ ಕೂತಿದ್ದರು. ಬಲಭುಜದಿಂದ ಇಳಿದ ಜನಿವಾರ ಬೆವರಿಗೆ ಮೈಗೆ ಅಂಟಿದ್ದೂ ಕಾಣುವಷ್ಟು ಫೋಕಸ್ ಚೆನ್ನಾಗಿತ್ತು. ನಾನು ಹೆಮ್ಮೆಯಿಂದ, ಇವತ್ತು ಅಂಚು ಕನ್ನಡಿ ಹಾಗಿದೆ ಎಂದೆ. ಅಂಕಲ್ ಮುಖ ಓರೆ ಮಾಡಿ ಬಹಳ ಹೊತ್ತು ನೋಡಿದರು.

‘ಇದು ಹೊಸಕೆರೆಹಳ್ಳಿ ಛತ್ರ ಅಲ್ವಾ? ಊಟದ ಹಾಲಿನ ಬಾಗ್ಲು ಎಲ್ಲಿದೆ?’

‘ಬಲಗಡೆ ಕಾಣ್ತಿದೆ.’

‘ಎಡಗಡೆ ಇರ್ಬೇಕು ಕಣೋ.’

‘ಹಾಗಿದ್ರೆ ಬೇರೆ ಛತ್ರ ಇರಬೇಕು ಅಂಕಲ್.’

‘ನಾನು ಅಲ್ಲಿ ನೂರು ಮದ್ವೆ ತೆಗ್ದಿದೀನಿ.’

‘ಇಪ್ಪತ್ತೈದು ವರ್ಷ ಆಯ್ತು, ಮರೆತಿರ್ತೀರ ಬಿಡಿ’ ಎಂದೆ. ಕಣ್ಣಿಲ್ಲದವರು ಕಣ್ಣಿದ್ದವನ ಜೊತೆ ಎಷ್ಟು ಅಂತ ವಾದ ಮಾಡುತ್ತಾರೆ?

ಇನ್ನೂ ಕಾಲು ಗಂಟೆ ಓಡಿತು. ಕಾಫಿ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದವನೊಬ್ಬ ವೈರಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದ. ಕ್ಯಾಮೆರಾ ಗಾಬರಿಯಲ್ಲಿ ಆ ಕಡೆ ತಿರುಗಿತು. ಗೋಡೆಯ ಮೇಲೆ ಬೆಳಕಿನ ಒಂದು ಉಂಡೆ ಬಂತು. ಅದನ್ನು ಎತ್ತಿ ಹಿಡಿದ ಒಂದು ಕೈ, ಕೈಯ ಕೆಳಗೆ ಸೀರೆಯುಟ್ಟ ಒಬ್ಬ ಹೆಂಗಸು. ಲೈಟಿನ ಝಳಕ್ಕೆ ಮುಖ ಇರಬೇಕಾದ ಕಡೆ ಬರೀ ಬಿಳುಪು. ನಾನು ತಟ್ಟನೆ ನಿಲ್ಲಿಸಿದೆ.

‘ಅಂಕಲ್, ಇದಾರೆ. ಲೈಟ್ ಹಿಡ್ಕೊಂಡಿದಾರೆ.’

ಅವರು ಎದ್ದು ಗೋಡೆಯ ಹತ್ತಿರ ಹೋದರು. ಅದುವರೆಗೆ ಹಾಗೆ ಎದ್ದು ಹೋದದ್ದಿರಲಿಲ್ಲ. ಎರಡೂ ಕೈ ಗೋಡೆಗೆ ಊರಿ, ತಲೆ ಆ ಕಡೆ ಈ ಕಡೆ ಓರೆ ಮಾಡಿದರು. ಬೆಳಕು ಅವರ ಬನಿಯನ್ನಿನ ಮೇಲೆ ಬಿತ್ತು.

‘ಬೆಳಕು ಗೊತ್ತಾಗ್ತಿದೆ. ಅವಳು ಗೊತ್ತಾಗ್ತಿಲ್ಲ. ಮುಖ ಇದ್ಯಾ?’

‘ಮುಖ ಇಲ್ಲ.’

‘ಆ ವರ್ಷ ಇವಳಿಗೆ ಆಗಾಗ ಹುಷಾರಿರ್ತಿರ್ಲಿಲ್ಲ. ಇವಳ ತಂಗಿ ಬರೋಳು ಬದ್ಲಿಗೆ. ಇಬ್ರದೂ ಒಂದೇ ಮೈಕಟ್ಟು.’ ಗೋಡೆ ತಡವುತ್ತಲೇ ಕೇಳಿದರು: ‘ಯಾವ ಕೈಲಿ ಹಿಡ್ದಿದಾಳೆ?’

ನಾನು ನೋಡಿದೆ. ಎರಡು ಸಲ ನೋಡಿದೆ. ಸುಳ್ಳು ಹೇಳಬಹುದಿತ್ತು. ಎಡಗೈ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದ ಮನುಷ್ಯ ನಾನು. ಈ ವಯಸ್ಸಾದವರಿಗೆ ಮೋಸ ಮಾಡುವುದು ನನ್ನಿಂದಾಗದು ಎನಿಸಿತು.

‘ಬಲಗೈ, ಅಂಕಲ್.’

ಅವರು ಗೋಡೆಯಿಂದ ಕೈ ತೆಗೆದರು. ‘ಹಾಗಾದ್ರೆ ಅವಳ ತಂಗಿ’ ಎಂದರು. ಮುಹೂರ್ತದ ಹೊತ್ತಲ್ಲೂ ಕೈ ಬದಲಿಸದವಳು ಇವಳು, ಯಾರ ಮಾತನ್ನೂ ಕೇಳದವಳು ಎಂದು ತಮಗೆ ತಾವೇ ಹೇಳಿಕೊಂಡರು. ಕುರ್ಚಿ ತಡಕಿ ಕೂತುಕೊಂಡರು.

‘ಸಾಕು, ಆಫ್ ಮಾಡಪ್ಪ.’

‘ಇನ್ನೂ ಇದೆ ಅಂಕಲ್.’

‘ಸಾಕು.’

ಓಡಲಿ ಬಿಡು ಎನ್ನುತ್ತಿದ್ದ ಮನುಷ್ಯ ಮೊದಲ ಸಲ ಸಾಕು ಎಂದಿದ್ದರು. ನಾನು ಯಾಕೆ ಎಂದು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ನೆಂಟರು ಕಾಯುತ್ತಿದ್ದರು, ನನಗೆ ಹೊರಡಬೇಕಿತ್ತು. ಜಮಖಾನ ತೆಗೆದು, ಮಡಿಸಿಟ್ಟು, ಮನೆಗೆ ಹೋಗಿ ಹೋಳಿಗೆ ಊಟ ಮಾಡಿದೆ.

ಮುಂದಿನ ಭಾನುವಾರ ಹೋದಾಗ ಕಿಟಕಿ ತೆರೆದೇ ಇತ್ತು. ಉಳಿದ ಮದುವೆಗಳನ್ನು ನೋಡೋಣ ಎಂದೆ. ‘ಅದ್ರಲ್ಲೆಲ್ಲ ನಾನೇ ಕತ್ತರಿ ಹಾಕಿದೀನಿ, ಇನ್ನೇನಿದೆ’ ಎಂದರು. ಹದಿನೈದು ದಿನದಲ್ಲಿ ಮಗಳು ಬಂದು ತಲಘಟ್ಟಪುರಕ್ಕೆ ಕರೆದುಕೊಂಡು ಹೋದಳು. ಈ ಸಲ ಅವರು ಕ್ಯಾಸೆಟ್ಟಿನ ನೆಪ ಹೇಳಲಿಲ್ಲ. ಪ್ರೊಜೆಕ್ಟರನ್ನೂ ಪೆನ್‌ಡ್ರೈವುಗಳನ್ನೂ ನನಗೇ ಕೊಟ್ಟರು.

ಗೊತ್ತಿಲ್ಲದ ಮನೆ, ಕಾಣದ ಕಣ್ಣು. ಅಲ್ಲಿನ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದರು, ಅಲ್ಲಿಂದ ಎದೆಗೆ ಕಫ ಕಟ್ಟಿತು. ನಾನು ನೋಡಲು ಹೋದ ದಿನ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಎರಡು ಕಣ್ಣೂ ಈಗ ಒಂದೇ ಸಮ ಅರ್ಧ ಮುಚ್ಚಿದ್ದವು. ನನ್ನ ದನಿ ಕೇಳಿ ಕೈ ಚಾಚಿದರು. ಬಗ್ಗಿದೆ.

‘ಬಾಗ್ಲು ಎಡಗಡೇನೇ ಕಣೋ.’

‘ಹೌದು ಅಂಕಲ್’ ಎಂದೆ. ಕಾಯಿಲೆಯವರು ಏನಂದರೂ ಹೌದು ಅನ್ನುತ್ತೇವಲ್ಲ, ಹಾಗೆ. ಅವರು ನನ್ನ ಕೈ ಬಿಡಲಿಲ್ಲ. ನರ್ಸ್ ಬಂದು ಹೊರಗೆ ಕಳಿಸಿದಳು. ಮೂರನೆಯ ದಿನ ಬೆಳಿಗ್ಗೆ ಮಗಳ ಫೋನು ಬಂತು.

ಅದಾಗಿ ಎರಡು ತಿಂಗಳಿಗೆ ನಮ್ಮ ತಂದೆಯ ಶ್ರಾದ್ಧ. ಪ್ರತಿ ವರ್ಷದಂತೆ ಬಸವನಗುಡಿಯ ಮಠವೊಂದರಲ್ಲಿ. ಒದ್ದೆ ಪಂಚೆ, ಹೊಗೆ, ದರ್ಭೆ. ಪುರೋಹಿತರು ಪಿಂಡ ಇಡುವ ಹೊತ್ತಿಗೆ ‘ಅಪಸವ್ಯ’ ಎಂದರು. ಸತ್ತವರಿಗೆ ಕೊಡುವಾಗ ಜನಿವಾರವನ್ನು ಎಡಭುಜದಿಂದ ತೆಗೆದು ಬಲಭುಜಕ್ಕೆ ಹಾಕಿಕೊಳ್ಳಬೇಕು. ಹದಿನೈದು ವರ್ಷದಿಂದ ಮಾಡುತ್ತಾ ಬಂದಿದ್ದೇನೆ, ಕೈ ತಾನೇ ಹೋಗುತ್ತದೆ. ದಾರವನ್ನು ಬಲಭುಜಕ್ಕೆ ದಾಟಿಸಿದೆ. ಅಲ್ಲಿಗೇ ಕೈ ನಿಂತಿತು.

ಆ ಮದುವೆಯ ಪುರೋಹಿತರ ಜನಿವಾರ ಬಲಭುಜದ ಮೇಲಿತ್ತು. ನನ್ನ ಕಣ್ಣಾರೆ ನೋಡಿದ್ದೆ. ಮದುವೆ ಮಂಟಪದಲ್ಲಿ ಯಾವ ಪುರೋಹಿತ ಅಪಸವ್ಯ ಹಾಕಿಕೊಂಡು ಕೂರುತ್ತಾನೆ?

‘ಸ್ವಾಮಿ, ಎಳ್ಳು ಬಿಡಿ’ ಎಂದರು ಪುರೋಹಿತರು. ಎಳ್ಳು ಬಿಟ್ಟೆ. ಯಾರಿಗೆ ಬಿಟ್ಟೆನೋ ನನಗೆ ಗೊತ್ತಿಲ್ಲ. ತಲೆಯೊಳಗೆ ಅವತ್ತಿನ ಗೋಡೆ ಒಂದೊಂದಾಗಿ ಬರುತ್ತಿತ್ತು. ಹೆಂಗಸರ ಸೆರಗುಗಳೆಲ್ಲ ಬಲಭುಜದ ಮೇಲಿದ್ದವು. ಬಾಗಿಲು ಬಲಗಡೆಯಿತ್ತು. ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿತ್ತು. ಆ ಗುಂಡಿಯನ್ನು ಇನ್ನೊಂದೇ ಸಲ ಒತ್ತಬೇಕಿತ್ತು. ತಲೆ ಮೇಲಾದರೆ ಸಾಕೆಂದು ಬಿಟ್ಟೆ. ಕನ್ನಡದ ಒಂದು ಅಕ್ಷರ ಇದ್ದಿದ್ದರೂ ತಿರುಗಿದೆ ಎಂದು ಹಿಡಿಯುತ್ತಿದ್ದೆ. ಚೀನೀ ಅಕ್ಷರ ತಿರುಗಿದರೆಷ್ಟು, ನೆಟ್ಟಗಿದ್ದರೆಷ್ಟು. ಆದರೆ ಜನಿವಾರ ನನಗೆ ಓದಲು ಬರುತ್ತಿತ್ತು. ಸೆರಗು ಬರುತ್ತಿತ್ತು. ಓದಲಿಲ್ಲ.

ಪ್ರಸಾದಕ್ಕೆ ನಿಲ್ಲದೆ ಮನೆಗೆ ಬಂದೆ. ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದೆ. ಪುರೋಹಿತರ ಜನಿವಾರ ಎಡಭುಜದ ಮೇಲಿತ್ತು. ಊಟದ ಹಾಲಿನ ಬಾಗಿಲು ಎಡಗಡೆಯಿತ್ತು. ಕಾಫಿಯವನು ಮುಗ್ಗರಿಸಿದ, ಬೆಳಕಿನ ಉಂಡೆ ಬಂತು. ಎತ್ತಿದ್ದು ಎಡಗೈ.

ಅವತ್ತು ನಿಲ್ಲಿಸಿದ್ದು ಅಲ್ಲಿಗೆ. ಈ ಸಲ ನಾನು ನಿಲ್ಲಿಸಲಿಲ್ಲ.

ಕಾಫಿಯವನು ಏಳಲು ಹೋಗಿ ವೈರನ್ನು ಜಗ್ಗಿದ. ಲೈಟು ಆರಿತು. ಅದುವರೆಗೆ ಬಿಳುಪಿದ್ದ ಕಡೆ ಕಿಟಕಿಯ ಬೆಳಕಿನಲ್ಲಿ ಒಂದು ಮುಖ ಮೂಡಿತು. ದುಂಡು ಮುಖ, ಹಣೆ ತುಂಬ ಬೆವರು, ಕುಂಕುಮ ಸ್ವಲ್ಪ ಇಳಿದಿತ್ತು. ಲೈಟ್ ಆಂಟಿ. ಬಿದ್ದವನನ್ನು ನೋಡಿ ಮೊದಲು ಗಾಬರಿಯಾದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡು ಕಣ್ಣೆತ್ತಿದ ಮೇಲೆ ಕ್ಯಾಮೆರಾ ಇನ್ನೂ ತಮ್ಮ ಕಡೆಗೇ ಇರುವುದು ಗೊತ್ತಾಯಿತು. ನಕ್ಕುಬಿಟ್ಟರು. ಎಡಗೈ ಬೀಸಿ, ಆ ಕಡೆ ತಿರುಗಿಸಿ ಎಂದು ಮಂಟಪ ತೋರಿಸಿದರು. ಏನೋ ಹೇಳಿದರು, ಶಬ್ದವಿರಲಿಲ್ಲ. ಕ್ಯಾಮೆರಾ ತಿರುಗಲಿಲ್ಲ. ಆಕೆ ನಾಚಿ, ನಗುತ್ತಲೇ ಬಗ್ಗಿ ವೈರು ಹುಡುಕುತ್ತಾ ಅಂಚಿನಿಂದ ಆಚೆ ಹೋಗುವವರೆಗೂ ಅದು ಅಲ್ಲೇ ಇತ್ತು.

ಅಂದರೆ ಅಂಕಲ್ ಒಂದು ಸಲ ತಿರುಗಿಸಿದ್ದರು. ಹೆಂಡತಿಯನ್ನು ನೋಡುತ್ತಾ ನಿಂತಿದ್ದರು. ಅದು ಅವರಿಗೇ ಮರೆತುಹೋಗಿತ್ತು.

ಹೊರಗೆ ನನ್ನ ಹೆಂಡತಿ, ಶ್ರಾದ್ಧದ ದಿನ ಊಟ ಬಿಟ್ಟು ಬಂದಿರಲ್ಲ ಎಂದು ಬೈಯುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಅವರು ಎರಡು ಸಲ ನನಗೆ ಹೇಳಿದ್ದರು, ಬಾಗಿಲು ಎಡಗಡೆಯೆಂದು. ಒಂದು ಸಲ ಮರೆತಿರುತ್ತೀರಿ ಎಂದೆ, ಇನ್ನೊಂದು ಸಲ ಹೌದು ಎಂದೆ. ಎರಡು ಸಲವೂ ಅವರ ಮಾತು ಕೇಳಲಿಲ್ಲ. ಅವರು ಕಾಣದ ಕಣ್ಣಲ್ಲಿ ಸರಿಯಾಗಿ ನೋಡಿದ್ದರು.

ಮರುದಿನ ಪೆನ್‌ಡ್ರೈವ್ ತೆಗೆದುಕೊಂಡು ತಲಘಟ್ಟಪುರಕ್ಕೆ ಹೋದೆ. ಅಂಕಲ್ ಮಗಳ ಟೀವಿಗೆ ಹಾಕಿ ತೋರಿಸಿದೆ. ಅವಳು ಮೂರು ಸಲ ನೋಡಿದಳು. ಅಮ್ಮ ಬಗ್ಗಿ ಹೋಗುವ ಕಡೆ ಪ್ರತಿ ಸಲವೂ ಮುಂದಕ್ಕೆ ಬಾಗಿದಳು.

‘ಅಪ್ಪ ಇದನ್ನ ನೋಡಿದ್ರಾ ಅಣ್ಣ?’

ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಇಬ್ಬರ ಫೋಟೋಗಳೂ ಇದ್ದವು.

‘ನೋಡಿದ್ರು’ ಎಂದೆ. ‘ಎದ್ದು ಗೋಡೆ ಹತ್ರ ಹೋಗಿ, ಎರಡೂ ಕೈ ಇಟ್ಟು ನೋಡಿದ್ರು.’

ಅವಳು ಕಣ್ಣೊರೆಸಿಕೊಂಡು, ‘ಸದ್ಯ. ಅದೊಂದು ಋಣ ನಿಮ್ಮಿಂದ ತೀರ್ತು ಅಣ್ಣ’ ಎಂದಳು. ಆಮೇಲೆ ಕಾಫಿ ಮಾಡಲು ಒಳಗೆ ಹೋದಳು. ನಾನು ಕೂತಿದ್ದು ಕುಡಿದು ಬಂದೆ.